ಫೈಟರ್ ಮೀನಿಗೆ ಎಂಥ ಮನೆ ಬೇಕು?

ಈ ಅಂಕಣಕ್ಕೆ ಇತ್ತೀಚೆಗೆ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ಮೀನಿಗೆ ಸಂಬಂಧಿಸಿದವು. ಅಂಗಡಿಗಳಲ್ಲಿ ‘ಫೈಟರ್’ ಎಂದು ಮಾರಾಟವಾಗುವ, ಪುಸ್ತಕಗಳು ಬೆಟ್ಟಾ ಎಂದು ಕರೆಯುವ ಈ ಮೀನನ್ನು ಎಷ್ಟು ನೀರಿನಲ್ಲಿ, ಎಂಥ ತೊಟ್ಟಿಯಲ್ಲಿ, ಮನೆಯ ಯಾವ ಮೂಲೆಯಲ್ಲಿ ಇಡಬೇಕು ಎಂದು ಕೇಳಿದವರ ಪ್ರಶ್ನೆಗಳನ್ನಷ್ಟೇ ಆಯ್ದು ಇಲ್ಲಿ ಉತ್ತರಿಸಲಾಗಿದೆ. ಹೆಸರು ಕೇಳಿ ಇದು ಬೆಟ್ಟದ ತಣ್ಣೀರಿನ ಮೀನೇ ಎಂದು ಒಬ್ಬರು ವಿಚಾರಿಸಿದ್ದಾರೆ. ಹೆಸರಿಗೂ ನಮ್ಮ ಬೆಟ್ಟಕ್ಕೂ ಸಂಬಂಧವಿಲ್ಲ; ಇದು ಬೆಚ್ಚನೆಯ ಗದ್ದೆಬಯಲಿನ ಮೀನು.

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ನನ್ನ ತಮ್ಮ ಒಂದು ನೀಲಿ ಫೈಟರ್ ಮೀನನ್ನು ಎರಡು ಲೀಟರ್ ನೀರು ಹಿಡಿಯುವ ದುಂಡನೆಯ ಗಾಜಿನ ಬೌಲ್ ಸಮೇತ ತಂದುಕೊಟ್ಟಿದ್ದಾನೆ. ಈ ಮೀನು ಗಾಳಿಯನ್ನೇ ಉಸಿರಾಡುವುದರಿಂದ ಮೋಟರ್ ಬೇಡ, ಅದರ ಊರಿನಲ್ಲಿ ಎಮ್ಮೆಯ ಗೊರಸಿನ ಗುಂಡಿಯಲ್ಲಿ ನಿಂತ ನೀರಿನಲ್ಲೂ ಬದುಕುತ್ತದೆ, ಬೌಲ್ ಧಾರಾಳವಾಯಿತು ಎಂದು ಅಂಗಡಿಯವರು ಹೇಳಿದರಂತೆ. ಮೂರನೆಯ ದಿನಕ್ಕೇ ನೀರು ಮಬ್ಬಾಗಿದೆ, ಮೀನು ತಳದಲ್ಲಿ ಮಲಗಿಯೇ ಇರುತ್ತದೆ. ಅಂಗಡಿಯವರ ಮಾತು ನಿಜವೇ?
– ಗೃಹಿಣಿ, ದಾವಣಗೆರೆ

ಉತ್ತರ: ಅಂಗಡಿಯವರು ಹೇಳಿದ್ದರಲ್ಲಿ ಗಾಳಿಯ ಮಾತು ನಿಜ, ಅದರಿಂದ ಅವರು ತೆಗೆದ ತೀರ್ಮಾನ ತಪ್ಪು. ಈ ಮೀನಿಗೆ ಕಿವಿರುಗಳ ಮೇಲ್ಭಾಗದಲ್ಲಿ ಲ್ಯಾಬಿರಿಂತ್ ಎಂಬ ಮಡಿಕೆ ಮಡಿಕೆಯಾದ ಒಂದು ಅಂಗವಿದೆ. ರಕ್ತನಾಳಗಳು ತುಂಬಿದ ಆ ಮಡಿಕೆಗಳ ಮೂಲಕ ಅದು ನೀರಿನ ಮೇಲ್ಮೈಗೆ ಬಂದು ನುಂಗಿದ ಗಾಳಿಯಿಂದ ನೇರವಾಗಿ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿ ಬೇರೆ ಮೀನುಗಳು ಸಾಯುವ ಹೊತ್ತಿಗೂ ಇದು ಬದುಕಿರುತ್ತದೆ. ನಮ್ಮ ಕೊರವ ಮೀನಿಗೂ ಗಾಳಿಯನ್ನು ಉಸಿರಾಡುವ ಶಕ್ತಿಯಿದೆ. ಸಂತೆಯಲ್ಲಿ ಅದನ್ನು ನಾಲ್ಕು ಬೆರಳು ನೀರಿರುವ ಬೋಗುಣಿಯಲ್ಲಿ ಗಂಟೆಗಟ್ಟಲೆ ಜೀವಂತವಾಗಿ ಇಟ್ಟು ಮಾರುವುದನ್ನು ನೀವು ನೋಡಿರಬಹುದು. ಹಾಗೆಂದು ಆ ಬೋಗುಣಿಯನ್ನು ಕೊರವ ಮೀನಿನ ಮನೆ ಎಂದು ಯಾರೂ ಹೇಳುವುದಿಲ್ಲ. ಕಷ್ಟಕಾಲವನ್ನು ದಾಟಿಕೊಳ್ಳಲೆಂದು ಪ್ರಕೃತಿ ಕೊಟ್ಟ ಶಕ್ತಿಯನ್ನು ದಿನನಿತ್ಯದ ಬದುಕಿನ ಅಳತೆಯನ್ನಾಗಿ ಮಾಡಿಕೊಂಡದ್ದೇ ಬೌಲ್‌ನ ವಾದದಲ್ಲಿರುವ ದೋಷ.

ಈ ಮೀನಿನ ತವರು ಥಾಯ್ಲೆಂಡ್‌ನ ಚಾವೊ ಫ್ರಾಯಾ ನದಿಯ ಬಯಲು ಮತ್ತು ಅದರ ಸುತ್ತಮುತ್ತಲಿನ ತಗ್ಗು ಪ್ರದೇಶ. ಥಾಯ್ ಭಾಷೆಯಲ್ಲಿ ಇದಕ್ಕೆ ‘ಪ್ಲಾ ಕಟ್’, ಅಂದರೆ ಕಚ್ಚುವ ಮೀನು ಎಂದು ಹೆಸರು. ಕಾಳಗಕ್ಕೆಂದು ಅಲ್ಲಿನ ಜನ ಶತಮಾನಗಳಿಂದ ಸಾಕುತ್ತ ಬಂದ ಈ ಮೀನಿಗೆ 1910ರಲ್ಲಿ ಬ್ರಿಟಿಷ್ ಮತ್ಸ್ಯಶಾಸ್ತ್ರಜ್ಞ ಚಾರ್ಲ್ಸ್ ಟೇಟ್ ರೀಗನ್ ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ವೈಜ್ಞಾನಿಕ ಹೆಸರನ್ನಿಟ್ಟರು. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಭತ್ತದ ಗದ್ದೆ, ಜೌಗು, ನಿಧಾನವಾಗಿ ಹರಿಯುವ ಕಾಲುವೆಗಳಲ್ಲಿ ಇದು ವಾಸಿಸುತ್ತದೆ. ಅಲ್ಲಿ ನೀರು ಮೊಣಕಾಲುದ್ದವೂ ಇಲ್ಲದಿರಬಹುದು, ಆದರೆ ಹರಹು ದೊಡ್ಡದು. ಗಂಡು ಮೀನು ಹುಲ್ಲು, ಜೊಂಡುಗಳ ನಡುವೆ ತನ್ನದೇ ಒಂದು ಜಾಗವನ್ನು ಹಿಡಿದು ಅದನ್ನು ಕಾಯುತ್ತದೆ. ಗೊರಸಿನ ಗುಂಡಿಯಲ್ಲಿ ಅದು ಸಿಕ್ಕಿದರೆ, ಬೇಸಗೆಯಲ್ಲಿ ನೀರು ಇಂಗುತ್ತ ಬಂದು ಅಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದೇ ಅರ್ಥ.

ಬೌಲ್‌ನಲ್ಲಿ ಮೀನು ಸಾಯುವುದು ಬಹುತೇಕ ಉಸಿರಿಲ್ಲದೆ ಅಲ್ಲ, ತನ್ನದೇ ವಿಸರ್ಜನೆಯಿಂದ. ಮೀನು ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತಲೇ ಇರುತ್ತದೆ. ತಿನ್ನದೆ ಉಳಿದ ಆಹಾರ ಮತ್ತು ಮಲ ಕೊಳೆತಾಗಲೂ ಅಮೋನಿಯಾ ಹುಟ್ಟುತ್ತದೆ. ಗದ್ದೆಯ ನೀರಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ, ಎರಡು ಲೀಟರ್‌ನಲ್ಲಾದರೆ ಒಂದೆರಡು ದಿನಗಳಲ್ಲೇ ಕಿವಿರನ್ನು ಸುಡುವ ಮಟ್ಟಕ್ಕೆ ಏರುತ್ತದೆ. ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ನೀರು ಕ್ಷಾರೀಯವಾದಷ್ಟೂ, ಬಿಸಿಯಾದಷ್ಟೂ ಅಮೋನಿಯಾದ ಹೆಚ್ಚಿನ ಪಾಲು ವಿಷಕಾರಿ ರೂಪದಲ್ಲಿ ಇರುತ್ತದೆ, ಮತ್ತು ನಮ್ಮ ಬಯಲುಸೀಮೆಯ ಬಹಳಷ್ಟು ಬೋರ್‌ವೆಲ್‌ಗಳ ನೀರು ಗಡಸು, ಸ್ವಲ್ಪ ಕ್ಷಾರೀಯ. ಮಬ್ಬಾದ ನೀರನ್ನು ಕಂಡು ದಿನವೂ ಇಡೀ ನೀರನ್ನು ಚೆಲ್ಲಿ ಹೊಸದನ್ನು ತುಂಬಿದರೆ ಅಮೋನಿಯಾ ಹೋಗುತ್ತದೆ, ಆದರೆ ಉಷ್ಣತೆ ಮತ್ತು ನೀರಿನ ಗುಣ ದಿನಕ್ಕೊಮ್ಮೆ ಬದಲಾಗುವುದು ಮೀನಿಗೆ ಇನ್ನೊಂದು ಬಗೆಯ ಹಿಂಸೆ. ನನ್ನ ಮೊದಲ ಫೈಟರ್ ಬಾಯಿ ಅಗಲವಾದ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿತ್ತು, ನಾನು ಇದನ್ನೇ ಮಾಡುತ್ತಿದ್ದೆ, ಅದು ಹನ್ನೊಂದು ತಿಂಗಳು ಬದುಕಿತು. ಸರಿಯಾದ ಮನೆಯಲ್ಲಿ ಈ ಮೀನು ಸಾಮಾನ್ಯವಾಗಿ ಮೂರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬದುಕುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಈಗ ನೀವು ತಕ್ಷಣ ಮಾಡಬಹುದಾದದ್ದು ಇಷ್ಟು. ಸೋಪು, ಡಿಟರ್ಜೆಂಟ್ ಸೋಕದ, ಇಪ್ಪತ್ತು ಲೀಟರ್ ಹಿಡಿಯುವ ಅಗಲ ಬಾಯಿಯ ಒಂದು ಹೊಸ ಪ್ಲಾಸ್ಟಿಕ್ ಟಬ್ಬನ್ನು ತನ್ನಿ. ಅದಕ್ಕೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕದ ಹನಿಗಳನ್ನು ಹಾಕಿದ ನಲ್ಲಿ ನೀರನ್ನು, ಮೇಲೆ ಮೂರು ಬೆರಳು ಜಾಗ ಬಿಟ್ಟು ತುಂಬಿ, ಬೌಲ್‌ನ ನೀರಿನಷ್ಟೇ ಬೆಚ್ಚಗಾಗುವವರೆಗೆ ಕಾಯಿರಿ. ಟಬ್ಬಿನ ನೀರನ್ನು ಲೋಟದಲ್ಲಿ ತೆಗೆದು ಬೌಲ್‌ಗೆ ಸ್ವಲ್ಪ ಸ್ವಲ್ಪವಾಗಿ ಅರ್ಧ ಗಂಟೆಯ ಕಾಲ ಬೆರೆಸುತ್ತ ಬಂದು, ಅನಂತರ ಮೀನನ್ನು ಬಲೆಯಲ್ಲಿ ಹಿಡಿದು ಟಬ್ಬಿಗೆ ಬಿಡಿ. ಬಾಯಿಗೆ ಸೊಳ್ಳೆಪರದೆಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ. ಫೈಟರ್ ಎಷ್ಟು ಚೆನ್ನಾಗಿ ಜಿಗಿಯುತ್ತದೆ ಎಂಬುದು ಬಹಳ ಜನರಿಗೆ ಗೊತ್ತಾಗುವುದು ಅದು ನೆಲದ ಮೇಲೆ ಒಣಗಿ ಬಿದ್ದಿರುವುದನ್ನು ಕಂಡ ಬೆಳಿಗ್ಗೆಯೇ. ಎರಡು ದಿನಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸುತ್ತಿದ್ದರೆ, ಟಬ್ಬು ನೋಡಲು ಚಂದವಿಲ್ಲದಿದ್ದರೂ, ಗಾಜಿನ ತೊಟ್ಟಿ ಸಿದ್ಧವಾಗುವವರೆಗೆ ಮೀನು ಅದರಲ್ಲಿ ನೆಮ್ಮದಿಯಾಗಿ ಇರುತ್ತದೆ. ಬೌಲ್‌ನಲ್ಲಿ ಮಗಳಿಗೆ ಒಂದು ಮನಿಪ್ಲಾಂಟ್ ಬೆಳೆಸಿಕೊಡಿ.

ಪ್ರಶ್ನೆ: ಬಾಡಿಗೆ ಫ್ಲ್ಯಾಟಿನಲ್ಲಿ ಒಬ್ಬನೇ ಇದ್ದೇನೆ. ಫೈಟರ್ ಸಾಕಬೇಕೆಂದಿದ್ದೇನೆ, ಮೀನನ್ನು ಇನ್ನೂ ತಂದಿಲ್ಲ. ಎತ್ತರವಾದ ಕಂಬದಂಥ ಅಕ್ರಿಲಿಕ್ ತೊಟ್ಟಿಯೊಂದು ಬಹಳ ಚೆನ್ನಾಗಿ ಕಾಣುತ್ತದೆ, ಜಾಗವನ್ನೂ ತಿನ್ನುವುದಿಲ್ಲ. ಅದನ್ನು ಕೊಳ್ಳಬಹುದೇ, ಇಲ್ಲವೇ ಆಯತಾಕಾರದ ಗಾಜಿನದೇ ಆಗಬೇಕೇ? ಅಳತೆ ಎಷ್ಟಿರಬೇಕು?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಮೀನಿಗಿಂತ ಮೊದಲು ಮನೆಯ ಬಗ್ಗೆ ಕೇಳಿದ್ದೀರಿ, ಅದಕ್ಕಾಗಿ ಅಭಿನಂದನೆ. ಈ ಅಂಕಣಕ್ಕೆ ಹಾಗೆ ಬರೆಯುವವರು ಅಪರೂಪ.

ಕಂಬದ ತೊಟ್ಟಿ ಬೇಡ. ಇಪ್ಪತ್ತು ಸೆಂಟಿಮೀಟರ್ ವ್ಯಾಸ, ಅರವತ್ತು ಸೆಂಟಿಮೀಟರ್ ಎತ್ತರವಿರುವ ಅಂಥ ಒಂದು ಕಂಬದಲ್ಲಿ ಸುಮಾರು 19 ಲೀಟರ್ ನೀರು ಹಿಡಿಯುತ್ತದೆ ಎಂಬುದು ನಿಜವಾದರೂ ಅದರ ಮೇಲ್ಮೈ ಸುಮಾರು 314 ಚದರ ಸೆಂಟಿಮೀಟರ್ ಮಾತ್ರ. 45 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಅಗಲದ ಸಾಧಾರಣ ಗಾಜಿನ ತೊಟ್ಟಿಯ ಮೇಲ್ಮೈ 1125 ಚದರ ಸೆಂಟಿಮೀಟರ್, ಅಂದರೆ ಮೂರೂವರೆ ಪಟ್ಟು. ಗಾಳಿ ಕುಡಿಯಲು ಪದೇ ಪದೇ ಮೇಲೆ ಬರಲೇಬೇಕಾದ, ಹಾಫ್‌ಮೂನ್ ತಳಿಯಾದರೆ ತನ್ನ ದೇಹಕ್ಕಿಂತ ದೊಡ್ಡ ಬಾಲವನ್ನು ಎಳೆದುಕೊಂಡೇ ಬರಬೇಕಾದ ಮೀನಿಗೆ ಆ ಎತ್ತರ ದಿನವಿಡೀ ಹತ್ತಿಳಿಯುವ ಮೆಟ್ಟಿಲಾಗುತ್ತದೆ. ಅದು ಅಡ್ಡಡ್ಡ ಈಜುವ, ಮೇಲ್ಪದರದಲ್ಲಿ ಎಲೆಯ ಮರೆಯಲ್ಲಿ ವಿಶ್ರಮಿಸುವ ಮೀನು. ಆದ್ದರಿಂದ ತೊಟ್ಟಿಯನ್ನು ಆರಿಸುವಾಗ ಲೀಟರ್‌ಗಿಂತ ಮೊದಲು ಉದ್ದವನ್ನು ನೋಡಿ, ನೀರಿನ ಆಳ ಒಂದಡಿಗಿಂತ ಹೆಚ್ಚಾಗದಿರಲಿ.

ಅಳತೆಯ ವಿಷಯಕ್ಕೆ ಬಂದರೆ, ಒಂದು ಮೀನಿಗೆ ಇಪ್ಪತ್ತು ಲೀಟರ್ ನಿಜವಾದ ನೀರು ಕನಿಷ್ಠ ಎಂದು ಇಟ್ಟುಕೊಳ್ಳಿ. ನಿಮ್ಮ ಮನೆಗೆ ಬರುವ ಕುಡಿಯುವ ನೀರಿನ ಕ್ಯಾನ್‌ನಲ್ಲಿರುವಷ್ಟೇ ನೀರು ಅದು. ‘ನಿಜವಾದ’ ಎಂದು ಹೇಳಿದ್ದಕ್ಕೆ ಕಾರಣವಿದೆ. ಅಂಗಡಿಯವರು ಹೇಳುವ ಲೀಟರ್ ತೊಟ್ಟಿಯನ್ನು ಕಂಠಮಟ್ಟ ತುಂಬಿದಾಗಿನದು, ನಾವು ಮೇಲೆ ಎರಡು ಅಂಗುಲ ಬಿಡಬೇಕು, ಕೆಳಗೆ ಮರಳು ಹಾಸಬೇಕು. 18 ಅಂಗುಲ ಉದ್ದ, 10 ಅಂಗುಲ ಅಗಲ, 12 ಅಂಗುಲ ಎತ್ತರದ ತೊಟ್ಟಿಯನ್ನು ಮಾಡಿಸಿದರೆ ಎಲ್ಲವನ್ನೂ ಕಳೆದು ಸುಮಾರು 25 ಲೀಟರ್ ನೀರು ನಿಲ್ಲುತ್ತದೆ. ಗಾಜು 5 ಮಿಲಿಮೀಟರ್ ದಪ್ಪದ್ದಿರಲಿ. ಅಂಟಿಸಿದ ಸಿಲಿಕೋನ್ ಒಣಗಿದ ಮೇಲೆ ಬಚ್ಚಲಿನಲ್ಲೋ ಬಾಲ್ಕನಿಯಲ್ಲೋ ಸಮತಟ್ಟಾದ ಜಾಗದಲ್ಲಿಟ್ಟು ನೀರು ತುಂಬಿ ಎರಡು ದಿನ ಸೋರುತ್ತದೆಯೇ ಎಂದು ನೋಡಿ, ಆಮೇಲೆ ಒಳಗಿಡಿ. ಅಕ್ರಿಲಿಕ್ ಹಗುರ, ಆದರೆ ಪಾಚಿ ಉಜ್ಜಿದ ಪ್ರತಿ ಬಾರಿಯೂ ಗೀರು ಬೀಳುತ್ತದೆ. ಹೊಸ ಮನೆಗೆ ಆಗಾಗ ಹೋಗಬೇಕಾದವರು ಅದನ್ನು ಆರಿಸಿಕೊಂಡರೆ ನನ್ನ ಆಕ್ಷೇಪವಿಲ್ಲ, ಆಕಾರ ಮಾತ್ರ ಉದ್ದುದ್ದವಾಗಿರಲಿ.

ನೀರು, ಗಾಜು, ಮರಳು ಸೇರಿ ಈ ಪುಟ್ಟ ತೊಟ್ಟಿಯೇ 40 ಕಿಲೋಗೆ ಹತ್ತಿರವಾಗುತ್ತದೆ. ಪುಸ್ತಕದ ಕಪಾಟಿನ ತೆಳು ಹಲಗೆ ಅದನ್ನು ಹೊರುವುದಿಲ್ಲ. ಗಟ್ಟಿಯಾದ ಮೇಜೋ ಕಡಪ ಕಲ್ಲಿನ ಕಟ್ಟೆಯೋ ಬೇಕು. ಸುತ್ತ ಚೌಕಟ್ಟಿಲ್ಲದ ತೊಟ್ಟಿಯ ಕೆಳಗೆ ಅರ್ಧ ಅಂಗುಲದ ಥರ್ಮೊಕೋಲ್ ಹಾಳೆಯನ್ನು ಹಾಸಿದರೆ ಮೇಜಿನ ಸಣ್ಣ ಏರುತಗ್ಗಿನಿಂದ ಗಾಜು ಸೀಳುವ ಅಪಾಯ ತಪ್ಪುತ್ತದೆ. ಮುಚ್ಚಳವನ್ನು ಮರೆಯದೆ ಮಾಡಿಸಿ, ಅದರ ಒಂದು ಮೂಲೆಯಲ್ಲಿ ಕೊಳವೆ ಮತ್ತು ವೈರಿಗಷ್ಟೇ ಸಂದು ಇರಲಿ. ಒಟ್ಟು ಖರ್ಚು ಮೀನಿನ ಬೆಲೆಯ ಹತ್ತಾರು ಪಟ್ಟು ಆಗುತ್ತದೆ, ಅದನ್ನು ಕಂಡು ಹಿಂಜರಿಯುವುದಾದರೆ ಈಗಲೇ ಹಿಂಜರಿಯುವುದು ಒಳ್ಳೆಯದು.

ಪ್ರಶ್ನೆ: ಗಾಜಿನ ಹೂದಾನಿಯಲ್ಲಿ ಪೀಸ್ ಲಿಲಿ ಗಿಡವನ್ನಿಟ್ಟು, ಅದರ ಬೇರಿನ ನಡುವೆ ಫೈಟರ್ ಬಿಟ್ಟರೆ ಮೀನು ಬೇರನ್ನು ತಿಂದುಕೊಂಡು ಇರುತ್ತದಂತೆ. ಕಚೇರಿಯ ಮೇಜಿಗೆ ಆಗಬಹುದೇ?
– ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉತ್ತರ: ಆಗದು. ಫೈಟರ್ ಹುಳು, ಸೊಳ್ಳೆಮರಿ ತಿನ್ನುವ ಮಾಂಸಾಹಾರಿ. ಬೇರನ್ನು ಕಚ್ಚುವುದು ಹಸಿವಿನಿಂದ. ಹೂದಾನಿಯ ಕಿರಿದಾದ ಕುತ್ತಿಗೆಯನ್ನು ಗಿಡ ಮುಚ್ಚಿಬಿಟ್ಟರೆ ಗಾಳಿಗೆ ಬಾಯಿ ಹಾಕಲು ಜಾಗವಿಲ್ಲದೆ, ನೀರಿನಲ್ಲಿರುವ ಮೀನು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ.

ಪ್ರಶ್ನೆ: ನಮ್ಮೂರಿನಲ್ಲಿ ಜೂನ್‌ನಿಂದ ಫೆಬ್ರವರಿಯವರೆಗೆ ಚಳಿಯೇ, ಮಳೆಗಾಲದಲ್ಲಿ ಕರೆಂಟ್ ಹೋದರೆ ಬರುವುದು ಯಾವಾಗಲೋ. ಇಂಥ ಕಡೆ ಫೈಟರ್ ಸಾಕಬಹುದೇ? ಹೀಟರ್, ಫಿಲ್ಟರ್ ಎರಡೂ ಬೇಕೇ?
– ಕಾಫಿ ಬೆಳೆಗಾರರು, ಮಡಿಕೇರಿ

ಉತ್ತರ: ಸಾಕಬಹುದು, ಆದರೆ ನಿಮ್ಮಲ್ಲಿ ಹೀಟರ್ ಅನಿವಾರ್ಯ. ಈ ಮೀನಿಗೆ ನೀರಿನ ಉಷ್ಣತೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ತಣ್ಣಗಾದರೆ ಒಂದೇ ದಿನದಲ್ಲಿ ಸಾಯುವುದಿಲ್ಲ. ತಿನ್ನುವುದನ್ನು ಬಿಟ್ಟು, ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು, ಬಣ್ಣಗೆಟ್ಟು, ಕೊನೆಗೆ ಬಿಳಿ ಚುಕ್ಕೆಯಂಥ ರೋಗಕ್ಕೆ ತುತ್ತಾಗುತ್ತದೆ. ಮಂಗಳೂರಿನವರಿಗೆ ಹೀಟರ್ ಬಹುಮಟ್ಟಿಗೆ ಬೇಕಾಗುವುದಿಲ್ಲ, ಬೆಂಗಳೂರು ಮೈಸೂರಿನವರಿಗೆ ನವೆಂಬರ್‌ನಿಂದ ಫೆಬ್ರವರಿಯ ರಾತ್ರಿಗಳಲ್ಲಿ ಬೇಕು, ನಿಮಗೆ ವರ್ಷದ ಬಹುಪಾಲು ಬೇಕು. 25 ಲೀಟರ್‌ನ ತೊಟ್ಟಿಗೆ ಬಯಲಿನ ಊರುಗಳಲ್ಲಿ 25 ವ್ಯಾಟ್ ಸಾಕು, ಮಡಿಕೇರಿಗೆ 50 ವ್ಯಾಟ್ ಇರಲಿ. ಹೆಚ್ಚಿದ್ದರೆ ಒಳ್ಳೆಯದೆಂದು 100 ವ್ಯಾಟ್ ತರಬೇಡಿ. ಥರ್ಮೊಸ್ಟ್ಯಾಟ್ ಕೆಟ್ಟು ಹೀಟರ್ ಆರದೇ ಉಳಿದರೆ ಅಷ್ಟು ಕಡಿಮೆ ನೀರನ್ನು ಅದು ರಾತ್ರಿ ಬೆಳಗಾಗುವುದರೊಳಗೆ ಮೀನು ಬೇಯುವಷ್ಟು ಕಾಯಿಸುತ್ತದೆ. ಹೀಟರ್ ಪೂರ್ತಿ ಮುಳುಗಿರಬೇಕು. ನೀರು ಬದಲಿಸುವ ಮೊದಲು ಸ್ವಿಚ್ ಆರಿಸಿ ಕಾಲು ಗಂಟೆ ಕಾಯಬೇಕು, ಇಲ್ಲದಿದ್ದರೆ ಬಿಸಿ ಗಾಜು ಗಾಳಿಗೆ ಬಂದು ಒಡೆಯುತ್ತದೆ. ಹೀಟರ್ ಮೇಲಿನ ಅಂಕಿಯನ್ನು ನಂಬದೆ ಪ್ರತ್ಯೇಕ ಥರ್ಮಾಮೀಟರ್ ಇಟ್ಟುಕೊಳ್ಳಿ.

ಫಿಲ್ಟರ್‌ನಲ್ಲಿ ನನ್ನ ಆಯ್ಕೆ ಏರ್ ಪಂಪ್‌ನಿಂದ ನಡೆಯುವ ಸ್ಪಾಂಜ್ ಫಿಲ್ಟರ್. ನೀರನ್ನು ಜೋರಾಗಿ ಚಿಮ್ಮಿಸುವ ಮೋಟರ್ ಫಿಲ್ಟರ್‌ಗಳ ಸೆಳೆತದಲ್ಲಿ ಉದ್ದ ಬಾಲದ ಫೈಟರ್ ಬಿರುಗಾಳಿಗೆ ಸಿಕ್ಕ ಕೊಡೆಯಂತಾಗುತ್ತದೆ, ಸ್ಪಾಂಜಿನಲ್ಲಿ ಆ ತೊಂದರೆಯಿಲ್ಲ. ಸ್ಪಾಂಜಿನ ರಂಧ್ರಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಫಿಲ್ಟರ್‌ನ ಮುಖ್ಯ ಕೆಲಸ ಇದೇ ಹೊರತು ಕಸ ಹಿಡಿಯುವುದಲ್ಲ. ಆದ್ದರಿಂದ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ, ಕ್ಲೋರಿನ್ ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ತೊಟ್ಟಿಯಿಂದ ಹೊರತೆಗೆದ ನೀರಿನಲ್ಲೇ ಹಿಂಡಿ ಮತ್ತೆ ಇಡಿ.

ಕರೆಂಟ್ ಹೋದಾಗ ಫೈಟರ್‌ಗೆ ಉಸಿರಿನ ಭಯವಿಲ್ಲ, ಇದೊಂದು ವಿಷಯದಲ್ಲಿ ಅದು ಗೋಲ್ಡ್‌ಫಿಶ್‌ಗಿಂತ ಪುಣ್ಯವಂತ. ತೊಟ್ಟಿಯ ಸುತ್ತ ಕಂಬಳಿ ಹೊದಿಸಿದರೆ ನಾಲ್ಕಾರು ಗಂಟೆ ಬಿಸಿ ಉಳಿಯುತ್ತದೆ. ಆದರೆ ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಿ, ಇಲ್ಲವೇ ಕೊಳವೆಗೆ ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಹಾಕಿಸಿ. ನಾನು ಪಂಪನ್ನು ನೆಲದ ಮೇಲಿಟ್ಟಿದ್ದ ಒಂದು ರಾತ್ರಿ ಕರೆಂಟ್ ಹೋಗಿ, ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಇಳಿದು, ಬೆಳಿಗ್ಗೆ ಕೆಳಗಿನ ಮನೆಯವರು ತಮ್ಮ ಚಾವಣಿ ತೊಟ್ಟಿಕ್ಕುತ್ತಿದೆ ಎಂದು ಬಾಗಿಲು ತಟ್ಟಿದಾಗಲೇ ನನಗೆ ಎಚ್ಚರವಾದದ್ದು. ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು ಉಳಿದಿತ್ತು, ಮೀನು ಅದರಲ್ಲಿ ಆರಾಮವಾಗಿಯೇ ಇತ್ತು.

ಪ್ರಶ್ನೆ: ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಮನೆಯೊಳಗಿನ ತೊಟ್ಟಿಯ ನೀರೇ 33 ಡಿಗ್ರಿ ತೋರಿಸುತ್ತಿದೆ. ಐಸ್ ಹಾಕಬಹುದೇ?
– ಪದವಿ ವಿದ್ಯಾರ್ಥಿ, ಕಲಬುರಗಿ

ಉತ್ತರ: ಐಸ್ ಗಡ್ಡೆಯನ್ನು ನೇರವಾಗಿ ಹಾಕಬೇಡಿ, ನೀರಿನ ಉಷ್ಣತೆ ಒಮ್ಮೆಲೇ ಬೀಳುವುದು ಸೆಕೆಗಿಂತ ಕೆಟ್ಟದ್ದು. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ರೀತಿಯಲ್ಲೇ ತೊಟ್ಟಿಯನ್ನೂ ತಣಿಸಬಹುದು: ಗಾಜಿನ ಮುಚ್ಚಳವನ್ನು ತೆಗೆದು ಅದರ ಬದಲು ನೈಲಾನ್ ಜಾಲರಿಯನ್ನು ಹೊದಿಸಿ, ಒಂದು ಸಣ್ಣ ಫ್ಯಾನ್‌ನ ಗಾಳಿ ನೀರಿನ ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಇಡಿ. ನೀರು ಆವಿಯಾಗುತ್ತ ಎರಡು ಮೂರು ಡಿಗ್ರಿ ಇಳಿಯುತ್ತದೆ, ನಿಮ್ಮೂರಿನ ಒಣ ಹವೆಯಲ್ಲಿ ಈ ಉಪಾಯ ಕರಾವಳಿಗಿಂತ ಚೆನ್ನಾಗಿ ಫಲಿಸುತ್ತದೆ. ಆವಿಯಾಗುವುದು ನೀರು ಮಾತ್ರ, ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ; ಕಡಿಮೆಯಾದಷ್ಟನ್ನು ಮತ್ತೆ ಗಡಸು ಬೋರ್‌ವೆಲ್ ನೀರಿನಿಂದ ತುಂಬುತ್ತ ಹೋದರೆ ಲವಣ ಏರುತ್ತದೆ, ಆದ್ದರಿಂದ ದಿನದ ಕೊರತೆಯನ್ನು ಆರ್‌ಒ ನೀರಿನಿಂದ ತುಂಬಿ. ಇಡೀ ತೊಟ್ಟಿಯನ್ನು ಆರ್‌ಒ ನೀರಿನಿಂದಲೇ ತುಂಬುವುದು ಬೇರೆ ಮಾತು, ಅದು ಬೇಡ. ಮೀನಿಗೆ ಸ್ವಲ್ಪ ಖನಿಜಾಂಶ ಬೇಕು. ಬೇಸಗೆಯಲ್ಲಿ ಆಹಾರವನ್ನು ಕಡಿಮೆ ಮಾಡಿ, ನೀರಿನ ಬದಲಾವಣೆಯನ್ನು ಹೆಚ್ಚಿಸಿ. ತೊಟ್ಟಿ ದೊಡ್ಡದಾದಷ್ಟೂ ಹಗಲು ರಾತ್ರಿಯ ಏರಿಳಿತ ನಿಧಾನವಾಗುವುದರಿಂದ ನಿಮ್ಮ ಭಾಗದವರು 25 ಲೀಟರ್‌ಗೆ ನಿಲ್ಲದೆ 40 ಲೀಟರ್‌ಗೆ ಹೋಗುವುದು ಜಾಣತನ.

ಪ್ರಶ್ನೆ: ಮಕ್ಕಳಿಬ್ಬರಿಗೂ ಒಂದೊಂದು ಫೈಟರ್ ಬೇಕಂತೆ. ಒಂದೇ ತೊಟ್ಟಿಯ ಮಧ್ಯೆ ಗಾಜು ನಿಲ್ಲಿಸಿ ಎರಡು ಬಿಡಬಹುದೇ? ಜೊತೆಗೆ ಗಪ್ಪಿಗಳಿದ್ದರೆ?
– ಶಾಲಾ ಶಿಕ್ಷಕರು, ಹಾಸನ

ಉತ್ತರ: ಪಾರದರ್ಶಕ ಗಾಜು ಬೇಡ. ಅಂಗಡಿಯಲ್ಲಿ ಸಾಲಾಗಿಟ್ಟ ಬಾಟಲಿಗಳ ನಡುವೆ ರಟ್ಟಿನ ಚೂರುಗಳನ್ನು ಸಿಕ್ಕಿಸಿರುವುದನ್ನು ಗಮನಿಸಿ. ಒಂದನ್ನೊಂದು ಕಂಡ ಗಂಡುಗಳು ಕಿವಿರಿನ ಮುಚ್ಚಳಗಳನ್ನು ಅರಳಿಸಿ ಗದರುತ್ತಲೇ ಇರುತ್ತವೆ, ಮಾರುವವರಿಗೂ ಅದು ಬೇಡ. ನೋಡುವವರಿಗೆ ಐದು ನಿಮಿಷದ ಸೊಗಸು, ಮೀನಿಗೆ ದಿನವಿಡೀ ಆರದ ಸಿಟ್ಟು. ವಿಭಜಿಸುವುದೇ ಆದರೆ ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರವಿರಲಿ. ನಡುವಿನ ತಡೆ ಆಚೆಯದು ಕಾಣದ, ನೀರು ಮಾತ್ರ ಹಾಯುವ ಸಣ್ಣ ರಂಧ್ರಗಳಿರುವ ಹಲಗೆಯಾಗಿರಲಿ, ಅದು ಮುಚ್ಚಳವನ್ನು ಮುಟ್ಟುವಷ್ಟು ಎತ್ತರವಿರಲಿ. ಇಷ್ಟು ಮಾಡಿದರೂ ಒಂದಕ್ಕೆ ರೋಗ ಬಂದರೆ ಇನ್ನೊಂದಕ್ಕೂ ಬರುತ್ತದೆ, ನೀರು ಒಂದೇ. ನನ್ನನ್ನು ಕೇಳಿದರೆ ಎರಡು ಮಕ್ಕಳಿಗೆ ಒಂದೇ ಮೀನು ಕೊಡಿಸಿ, ಸರದಿಯಲ್ಲಿ ಆಹಾರ ಹಾಕಲು ಹೇಳಿ.

ಗಪ್ಪಿಯ ಬಣ್ಣದ ಬಾಲವನ್ನು ಫೈಟರ್ ಇನ್ನೊಂದು ಗಂಡಿನ ಬಾಲವೆಂದೇ ಭಾವಿಸಿ ಹರಿಯಬಹುದು. ಹೆಣ್ಣುಗಳು ಸಾಧು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ, ಅವೂ ಕಾದಾಡುತ್ತವೆ. ಜೊತೆ ಬೇಕೇಬೇಕೆಂದರೆ ಒಂದೆರಡು ಬಸವನಹುಳು ಸಾಕು.

ಪ್ರಶ್ನೆ: ಅಂಗಳದಲ್ಲಿ ತಾವರೆ ಬೆಳೆಸಲು ಹೊಸದಾಗಿ ಸಿಮೆಂಟ್ ತೊಟ್ಟಿ ಕಟ್ಟಿಸಿದ್ದೇವೆ. ಎರಡಡಿ ಅಗಲ, ಎರಡಡಿ ಉದ್ದ, ಒಂದಡಿ ಆಳ. ಸೊಳ್ಳೆಮರಿ ತಿನ್ನಲೆಂದು ಫೈಟರ್ ಬಿಡಬಹುದೇ?
– ನಿವೃತ್ತ ಅಂಚೆ ನೌಕರರು, ಕುಂದಾಪುರ

ಉತ್ತರ: ನಿಮ್ಮೂರಿನ ಹವೆ ಈ ಮೀನಿನ ತವರಿಗೆ ಹತ್ತಿರವಾದದ್ದು, ನೂರು ಲೀಟರ್‌ನ ತೊಟ್ಟಿ ಬೆಂಗಳೂರಿನ ಯಾವ ಫೈಟರ್‌ಗೂ ಸಿಗದ ಭಾಗ್ಯ. ಆದರೆ ಹೊಸ ಸಿಮೆಂಟ್‌ನಿಂದ ಸುಣ್ಣದ ಅಂಶ ಬಿಡುತ್ತಿರುವುದರಿಂದ ನೀರು ತೀವ್ರ ಕ್ಷಾರೀಯವಾಗಿರುತ್ತದೆ. ತಿಂಗಳ ಕಾಲ ನೀರು ತುಂಬಿ, ನಾಲ್ಕೈದು ದಿನಕ್ಕೊಮ್ಮೆ ಚೆಲ್ಲಿ, ತೊಟ್ಟಿಯನ್ನು ಉಜ್ಜಿ, ಮತ್ತೆ ತುಂಬುತ್ತ ಬನ್ನಿ, ಆಮೇಲೆ ನೀರಿನ ಪಿಎಚ್ ಪರೀಕ್ಷಿಸಿ. ಅದು 8ಕ್ಕಿಂತ ಕೆಳಗಿಳಿಯುವವರೆಗೆ ಮೀನು ಬಿಡಬೇಡಿ.

ಮಿಂಚುಳ್ಳಿ, ಕೊಕ್ಕರೆ, ಬೆಕ್ಕು, ನೀರುಹಾವು ಇವಕ್ಕೆಲ್ಲ ಕೆಂಪು ನೀಲಿ ಬಣ್ಣದ ಮೀನು ದೂರದಿಂದಲೇ ಕಾಣುವ ಆಮಂತ್ರಣ. ತೊಟ್ಟಿಯ ಮೇಲೆ ಜಾಲರಿ ಬೇಕು, ಮೇಲ್ಮೈಯ ಅರ್ಧದಷ್ಟನ್ನು ತಾವರೆ ಎಲೆಯೋ ಅಂತರಗಂಗೆಯೋ ಮರೆಮಾಡಿರಬೇಕು. ನಿಮ್ಮ ಕಡೆಯ ಮಳೆಗೆ ತೊಟ್ಟಿ ತುಂಬಿ ಹರಿಯುವುದು ಖಂಡಿತ, ಹೆಚ್ಚಾದ ನೀರು ಹೊರಹೋಗಲು ಅಂಚಿನಿಂದ ನಾಲ್ಕು ಬೆರಳು ಕೆಳಗೆ ಒಂದು ಕೊಳವೆಯನ್ನಿಟ್ಟು ಅದರ ಬಾಯಿಗೆ ಜಾಲರಿ ಕಟ್ಟಿಸಿ. ಮೀನು ಹೋಗಿಬಿಡುತ್ತದೆ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಇದು ನಮ್ಮ ನಾಡಿನ ಮೀನಲ್ಲ. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಅಡಿಲೇಡ್ ನದಿಯ ತಗ್ಗು ಪ್ರದೇಶಕ್ಕೆ ಸೇರಿಕೊಂಡ ಫೈಟರ್‌ಗಳು ಅಲ್ಲೇ ಸಂತಾನ ಬೆಳೆಸಿಕೊಂಡಿವೆ. ನಿಮ್ಮ ಗದ್ದೆಯ ತೋಡು ಅಂಥದ್ದೊಂದು ಜಾಗವೇ. ಈ ಜವಾಬ್ದಾರಿ ಹೆಚ್ಚೆನಿಸಿದರೆ ಸೊಳ್ಳೆಮರಿಯ ಕೆಲಸಕ್ಕೆ ಅದೇ ತೋಡಿನ ಸಣ್ಣ ಮೀನುಗಳನ್ನು ಹಿಡಿದು ಬಿಡಿ, ಫೈಟರ್‌ಅನ್ನು ಒಳಮನೆಯ ಗಾಜಿನ ತೊಟ್ಟಿಗೆ ಬಿಟ್ಟುಬಿಡಿ.

ಪ್ರಶ್ನೆ: ತೊಟ್ಟಿ, ಸ್ಪಾಂಜ್ ಫಿಲ್ಟರ್, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ ಎಲ್ಲ ತಂದಾಯಿತು. ಇವತ್ತು ನೀರು ತುಂಬಿ ನಾಳೆ ಮೀನು ತರಬಹುದೇ? ಮಲಗುವ ಕೋಣೆಯ ಕಿಟಕಿಯ ಪಕ್ಕ ಇಡೋಣ ಎಂದಿದ್ದೇವೆ.
– ವಿದ್ಯಾರ್ಥಿನಿಯರು, ಮೈಸೂರು

ಉತ್ತರ: ನಾಳೆ ಬೇಡ, ಇನ್ನೊಂದು ತಿಂಗಳು ತಡೆಯಿರಿ. ಮಡಿಕೇರಿಯವರಿಗೆ ಹೇಳಿದ ಬ್ಯಾಕ್ಟೀರಿಯಾ ಹೊಸ ಸ್ಪಾಂಜಿನಲ್ಲಿ ಇರುವುದಿಲ್ಲ, ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಮೀನಿಲ್ಲದ ತೊಟ್ಟಿಯಲ್ಲಿ ಫಿಲ್ಟರ್ ನಡೆಸುತ್ತ ದಿನವೂ ಚಿಟಿಕೆ ಮೀನಿನ ಆಹಾರವನ್ನು ಹಾಕಿದರೆ ಅದು ಕೊಳೆತು ಅಮೋನಿಯಾ ಹುಟ್ಟಿ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿಕೊಂಡ ದಿನ ಮೀನು ತನ್ನಿ. ಆರೋಗ್ಯವಾಗಿರುವ ತೊಟ್ಟಿಯೊಂದು ಪರಿಚಿತರ ಮನೆಯಲ್ಲಿದ್ದರೆ ಅಲ್ಲಿನ ಹಳೆಯ ಸ್ಪಾಂಜಿನ ತುಂಡೊಂದನ್ನು ಒದ್ದೆಯಾಗಿಯೇ ತಂದು ನಿಮ್ಮದಕ್ಕೆ ಸೇರಿಸಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಕಾಯುವ ಕಾಲ ಅರ್ಧಕ್ಕಿಳಿಯುತ್ತದೆ. ಅನಂತರ ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಿದರೆ ಸಾಕು. 25 ಲೀಟರ್‌ನ ತೊಟ್ಟಿಗೆ ಅದು ಅರ್ಧ ಕೊಡವೂ ಆಗುವುದಿಲ್ಲ.

ಪ್ಲಾಸ್ಟಿಕ್ ಗಿಡವನ್ನು ಒಂದು ಹಳೆಯ ರೇಷ್ಮೆ ಬಟ್ಟೆಯ ಮೇಲೆ ಎಳೆದು ನೋಡಿ. ಎಳೆ ಕಿತ್ತು ಬಂದರೆ ಮೀನಿನ ಬಾಲವೂ ಹಾಗೆಯೇ ಕಿತ್ತು ಬರುತ್ತದೆ. ಜಾವಾ ಫರ್ನ್, ಅನುಬಿಯಾಸ್ ಎಂಬ ನಿಜವಾದ ಗಿಡಗಳು ಕಡಿಮೆ ಬೆಳಕಿನಲ್ಲೂ ಬೆಳೆಯುತ್ತವೆ. ಅವುಗಳ ಗೆಡ್ಡೆಯಂಥ ಕಾಂಡವನ್ನು ಮರಳಿನಲ್ಲಿ ಹೂಳಬೇಡಿ, ಕಲ್ಲಿಗೆ ದಾರದಿಂದ ಕಟ್ಟಿ. ನಿಮ್ಮ ಬೀದಿಯಲ್ಲಿ ಕಾಡುಬಾದಾಮಿ ಮರವಿದ್ದರೆ ತಾನಾಗಿ ಉದುರಿ ಒಣಗಿದ ಕಂದು ಎಲೆಯೊಂದನ್ನು ತೊಳೆದು ಹಾಕಿ. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ. ಥಾಯ್ಲೆಂಡಿನ ಸಾಕಣೆದಾರರು ಬಹಳ ಕಾಲದಿಂದ ಮಾಡುತ್ತ ಬಂದದ್ದು ಇದನ್ನೇ. ರಸ್ತೆಬದಿಯ ಹೊಗೆ, ಔಷಧ ಸಿಂಪಡಣೆಗೆ ಸಿಕ್ಕ ಎಲೆ ಮಾತ್ರ ಬೇಡ.

ಕಿಟಕಿಯ ಬಿಸಿಲು ನೇರವಾಗಿ ಬಿದ್ದರೆ ಪಾಚಿ ಕಟ್ಟುತ್ತದೆ, ಉಷ್ಣತೆ ಹತ್ತಿಳಿಯುತ್ತದೆ. ಒಳಗೋಡೆಯ ಪಕ್ಕ ಇಟ್ಟು ದಿನಕ್ಕೆ ಎಂಟು ಗಂಟೆ ದೀಪ ಹಾಕಿ. ತೊಟ್ಟಿಯೊಳಗೆ ದೀಪವಿದ್ದು ಕೋಣೆ ಕತ್ತಲಾಗಿದ್ದರೆ ಗಾಜು ಕನ್ನಡಿಯಾಗಿ ಮೀನು ತನ್ನ ಬಿಂಬದೊಡನೆಯೇ ಜಗಳಕ್ಕಿಳಿಯುವುದರಿಂದ ಕೋಣೆಯ ದೀಪವೂ ಉರಿಯುತ್ತಿರಲಿ. ಮಲಗುವ ಕೋಣೆಯ ಬಗ್ಗೆ ನನಗಿರುವ ದೊಡ್ಡ ಆಕ್ಷೇಪ ಸೊಳ್ಳೆಯದು. ಸೊಳ್ಳೆಬತ್ತಿ, ಮ್ಯಾಟ್, ಲಿಕ್ವಿಡ್ ಯಂತ್ರಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ರಾಸಾಯನಿಕಗಳು ಮನುಷ್ಯರಿಗೆ ಅಷ್ಟಾಗಿ ಅಪಾಯವಲ್ಲದಿದ್ದರೂ ಮೀನಿಗೆ ಅತ್ಯಂತ ವಿಷಕಾರಿ, ಮತ್ತು ನಿಮ್ಮ ಏರ್ ಪಂಪ್ ಕೋಣೆಯ ಆ ಗಾಳಿಯನ್ನೇ ಎಳೆದು ರಾತ್ರಿಯಿಡೀ ನೀರಿಗೆ ಊದುತ್ತದೆ. ಆ ಕೋಣೆಯಲ್ಲಿ ಸೊಳ್ಳೆಪರದೆ ಕಟ್ಟಿ ಮಲಗುವುದಾದರೆ ತೊಟ್ಟಿ ಅಲ್ಲಿರಲಿ, ಯಂತ್ರವೇ ಬೇಕೆಂದರೆ ನಡುಮನೆಗೆ ಹೋಗಲಿ.